ಹೊಸ ಊರಿಗೆ ಬಂದು ನಾಲ್ಕೂವರೆ ತಿಂಗಳಾಯ್ತು, ಇನ್ನೂ ಲಾಡ್ಜಲ್ಲಿ ಇದ್ದಂಗೆ ಅನ್ಸುತ್ತೆ. ನಿಮಗೆಲ್ಲ ಎಷ್ಟು ದಿನ ಹಿಡೀತು?

ಖಾಲಿಗೋಡೆ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಹೊಸ ಊರಿಗೆ ಬಂದು ನಾಲ್ಕೂವರೆ ತಿಂಗಳಾಯ್ತು. ಒಬ್ಬಳೇ ಇದೀನಿ, ಬಾಡಿಗೆ ಮನೆ, ಮೂರನೇ ಮಹಡಿ. ಮಾಡ್ಬೇಕಾಗಿದ್ದೆಲ್ಲ ಮಾಡಿ ಮುಗಿಸಿದೀನಿ, ಗ್ಯಾಸ್ ಕನೆಕ್ಷನ್ ಆಯ್ತು, ಇಂಟರ್ನೆಟ್ ಆಯ್ತು, ಬ್ಯಾಂಕಲ್ಲಿ ವಿಳಾಸ ಬದಲಾಯ್ತು, ಹತ್ರದಲ್ಲಿ ಒಳ್ಳೆ ಡಾಕ್ಟರ್ ಯಾರು ಅಂತಾನೂ ಗೊತ್ತಾಯ್ತು. ಆಫೀಸಲ್ಲಿ ತೊಂದ್ರೆ ಇಲ್ಲ. ಆದ್ರೂ ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ರೆ ಮನೆಗೆ ಬಂದೆ ಅನ್ನಿಸಲ್ಲ, ಯಾರದೋ ಮನೆಗೆ ಬಂದಿದೀನಿ ಅನ್ಸುತ್ತೆ. ರಾತ್ರಿ ಎದ್ದಾಗ ಇವತ್ತಿಗೂ ಕೈ ಹಳೇ ಮನೇಲಿ ಸ್ವಿಚ್ ಇದ್ದ ಜಾಗಕ್ಕೇ ಹೋಗುತ್ತೆ, ಬಾಗಿಲ ಬಲಗಡೆ, ಭುಜದ ಎತ್ತರಕ್ಕೆ. ಇಲ್ಲಿ ಅಲ್ಲಿರೋದು ಬರೀ ಗೋಡೆ, ಸ್ವಿಚ್ ಇರೋದು ಎಡಗಡೆ ಬೀರು ಸಂದೀಲಿ. ಕತ್ತಲಲ್ಲಿ ಗೋಡೆ ತಡಕಾಡ್ತಾ ನಿಂತಾಗ ಒಂಥರಾ ಅಳು ಬರುತ್ತೆ.

ಎರಡು ಪೆಟ್ಟಿಗೆ ಇನ್ನೂ ಬಿಚ್ಚೇ ಇಲ್ಲ. ವಾರದ ದಿನ ಹೆಂಗೋ ಕಳೆಯುತ್ತೆ, ಶನಿವಾರ ಭಾನುವಾರ ಬಂತಂದ್ರೆ ಭಯ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆವರೆಗೆ ಫೋನ್ ಬಿಟ್ರೆ ಎದುರಾ ಎದುರು ಒಂದು ಮಾತೂ ಆಡದೆ ಕಳೆದಿದ್ದೂ ಇದೆ. ನಿಮಗೆಲ್ಲ ಎಷ್ಟು ದಿನ ಹಿಡೀತು? ನಾನೇ ಏನಾದ್ರೂ ತಪ್ಪು ಮಾಡ್ತಿದೀನಾ?

ಮಳೆಹುಳ:
ಒಂದು ವರ್ಷ. ಅದಕ್ಕಿಂತ ಮುಂಚೆ ಏನೂ ತೀರ್ಮಾನ ಮಾಡ್ಬೇಡಿ.

ಹಳೇಟ್ರಂಕು:
ಮೊದಲು ಆ ಎರಡು ಪೆಟ್ಟಿಗೆ ಬಿಚ್ಚಿ ಮೇಡಂ, ಉಳಿದಿದ್ದು ಆಮೇಲೆ. ನನ್ನದು ವರ್ಗಾವಣೆ ಆಗೋ ಕೆಲಸ, 19 ವರ್ಷದಲ್ಲಿ ಆರು ಊರು ನೋಡಿದೀನಿ. ಮೂರನೇ ಊರಿಗೆ ಹೋದಾಗ ಇಲ್ಲಿ ಎಷ್ಟು ದಿನವೋ ಏನೋ, ಆರ್ಡರ್ ಯಾವಾಗ ಬೇಕಾದ್ರೂ ಬರಬಹುದು ಅಂತ ಗೋಡೆಗೆ ಒಂದು ಮೊಳೆನೂ ಹೊಡೀಲಿಲ್ಲ. ಫೋಟೋಗಳೆಲ್ಲ ಬೆಡ್‌ಶೀಟಲ್ಲಿ ಸುತ್ತಿ ಮಂಚದ ಕೆಳಗೆ. ಕನ್ನಡೀನ ಕುರ್ಚಿ ಮೇಲೆ ಒರಗಿಸಿಟ್ಟು, ಬಗ್ಗಿ ತಲೆ ಬಾಚ್ಕೋತಿದ್ವಿ. ಆರ್ಡರ್ ಬಂದಿದ್ದು ಐದು ವರ್ಷ ಆದ್ಮೇಲೆ! ಮಗಳು ಆ ಮನೇಲೇ ಎರಡನೇ ಕ್ಲಾಸಿಂದ ಏಳನೇ ಕ್ಲಾಸಿಗೆ ಬಂದಳು, ಅವಳಿಗೆ ಅದು ಆಡಿ ಬೆಳೆದ ಮನೆ, ನಮಗೆ ಮಾತ್ರ ವೇಯ್ಟಿಂಗ್ ರೂಮು. ಆ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ. ಅಲ್ಲಿಂದಾಚೆ ಯಾವ ಊರಿಗೆ ಹೋದ್ರೂ ಸಾಮಾನು ಇಳಿಸಿದ ಮಾರನೇ ದಿನ ಕನ್ನಡಿ ಗೋಡೆ ಮೇಲೆ ಇರುತ್ತೆ.

ಮಳೆಹುಳ:
ಸರ್, ಬಾಡಿಗೆ ಮನೇಲಿ ಮೊಳೆ ಹೊಡೆದ್ರೆ ಓನರ್ ಸುಮ್ನಿರ್ತಾರಾ? ಬಿಡುವಾಗ ಅಡ್ವಾನ್ಸಲ್ಲಿ ಮುರ್ಕೋತಾರೆ. ಅಲ್ಲದೆ ಎಲ್ಲಾ ಊರೂ ನಮ್ಮೂರಾಗ್ಲೇಬೇಕು ಅಂತ ಯಾಕೆ ಹಟ? ಕೆಲಸಕ್ಕೆ ಬಂದಿದೀವಿ, ಕೆಲಸ ಚೆನ್ನಾಗಿದೆ, ಅಷ್ಟು ಸಾಕು ಅಂತ ಇದ್ದುಬಿಟ್ರೆ ಮನಸ್ಸಿಗೂ ನಿರಾಳ. ನಾನು ಹಂಗೇ ಇದೀನಿ.

ಹಳೇಟ್ರಂಕು:
ಕೇಳಿ ಹೊಡೀರಿ, ಮುಕ್ಕಾಲುವಾಸಿ ಓನರ್‌ಗಳು ಹ್ಞೂಂ ಅಂತಾರೆ. ಆಗಲ್ಲ ಅಂದ್ರೆ ಅಂಟಿಸೋ ಹುಕ್ ಸಿಗುತ್ತೆ, ತೆಗೆಯುವಾಗ ಹೇರ್ ಡ್ರೈಯರಲ್ಲಿ ಸ್ವಲ್ಪ ಬಿಸಿ ಮಾಡಿದ್ರೆ ಅಂಟು ಮೆತ್ತಗಾಗಿ ಬಿಡ್ಕೊಳ್ಳುತ್ತೆ. ಇನ್ನು ಅಷ್ಟು ಸಾಕು ಅನ್ನೋ ಮಾತು, ಅದು ಆರೋಗ್ಯ ಸರಿ ಇರೋವರೆಗೆ ಮಾತ್ರ. ಮೂರು ದಿನ ಜ್ವರ ಬಂದು ಮಲಗಿದಾಗ ಬಾಗಿಲು ತಟ್ಟೋಕೆ ಒಬ್ಬರು ಬೇಕು.

ರಾತ್ರಿಪಾಳಿ:
ನಿದ್ದೆ ಸರಿಯಾಗಿ ಬರ್ತಿದೆಯಾ ಮೇಡಂ? ಹೊಸ ಜಾಗದಲ್ಲಿ ಮೆದುಳಿನ ಅರ್ಧ ಭಾಗ ಎಚ್ಚರ ಇರುತ್ತಂತೆ, ಅದಕ್ಕೇ ನಿಮಗೆ ಲಾಡ್ಜ್ ಥರ ಅನ್ಸೋದು.

ಲೆಕ್ಕಪಕ್ಕ:
ಸ್ವಲ್ಪ ತಿದ್ದುಪಡಿ. ಅದು 2016ರಲ್ಲಿ ಬ್ರೌನ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನ. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮೆದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ನಿದ್ದೆಗೆ ಇಳಿಯಲ್ಲ, ಸದ್ದಾದ್ರೆ ಬೇಗ ಎಚ್ಚರ ಆಗುತ್ತೆ ಅಂತ ಅವರು ಕಂಡಿದ್ದು. ಪೂರ್ತಿ ಎಚ್ಚರ ಅಲ್ಲ. ಮತ್ತೆ ಅದು ಮೊದಲ ರಾತ್ರಿಯ ವಿಷಯ, ಅದನ್ನ ನಾಲ್ಕೂವರೆ ತಿಂಗಳಿಗೆ ಎಳೀಬೇಡಿ.

ರಾತ್ರಿಪಾಳಿ:
ಸರಿ ಸರ್, ಒಪ್ಪಿದೆ. ಮೊದಲ ರಾತ್ರಿ ನಾನು ಬಾಗಿಲ ಚಿಲಕ ನಾಲ್ಕು ಸಲ ನೋಡಿದ್ದಕ್ಕಾದ್ರೂ ಕಾರಣ ಸಿಕ್ತು.

ಕಾಲ್ದಾರಿ:
ನನ್ನ ಪ್ರಕಾರ ಮುಖ್ಯ ತಪ್ಪು ಫೋನ್ ಮ್ಯಾಪ್. ಎಡಕ್ಕೆ ತಿರುಗು ಬಲಕ್ಕೆ ತಿರುಗು ಅಂತ ಅದು ಹೇಳ್ತಾ ಹೋಗುತ್ತೆ, ನಾವು ಸ್ಕ್ರೀನ್ ನೋಡ್ತಾ ಹೋಗ್ತೀವಿ, ಊರೇ ನೋಡಲ್ಲ. ಒಂದು ವರ್ಷ ಇದ್ದೂ ಮನೆಯಿಂದ ಆಫೀಸಿಗೆ ಮ್ಯಾಪ್ ಇಲ್ದೆ ಹೋಗೋಕಾಗದವರನ್ನ ನೋಡಿದೀನಿ. ನಮ್ಮ ಮೆದುಳಲ್ಲಿ ಜಾಗ ಗುರುತಿಸೋಕೇ ಬೇರೆ ಜೀವಕೋಶಗಳಿವೆ. ಜಾನ್ ಓ'ಕೀಫ್ ಅನ್ನೋವರು 1971ರಲ್ಲೇ ಇಲಿಗಳಲ್ಲಿ ಅದನ್ನ ಕಂಡುಹಿಡಿದ್ರು, ಇಲಿ ಒಂದು ಮೂಲೆಗೆ ಬಂದಾಗ ಒಂದು ಕೋಶ ಮಿಡಿಯುತ್ತೆ, ಇನ್ನೊಂದು ಮೂಲೆಗೆ ಹೋದಾಗ ಇನ್ನೊಂದು. 2014ರಲ್ಲಿ ಮೋಸರ್ ದಂಪತಿ ಜೊತೆ ಅವರಿಗೆ ನೊಬೆಲ್ ಬಂತು. ಊರು ಒಳಗೆ ಇಳೀಬೇಕಂದ್ರೆ ಕಾಲು ಸವೆಸಬೇಕು. ದಿನಾ ಅರ್ಧ ಗಂಟೆ ಮ್ಯಾಪ್ ಇಲ್ದೆ ನಡೀರಿ, ದಾರಿ ತಪ್ಪಿದ್ರೆ ತಪ್ಪಲಿ. ಮೊದಲು ಒಂದು ಗುರುತು ಹಿಡ್ಕೊಳ್ಳಿ, ನೀರಿನ ಟ್ಯಾಂಕೋ, ದೊಡ್ಡ ಮರವೋ, ಎಲ್ಲಿಂದ ನೋಡಿದ್ರೂ ಕಾಣೋ ಅಂಥದ್ದು.

ಜೊತೆಗೆಬಂದೆ:
ದಾರಿ ತಪ್ಪಿದ್ರೆ ತಪ್ಪಲಿ ಅಂತ ನೀವು ಸಲೀಸಾಗಿ ಹೇಳ್ಬಿಟ್ರಿ. ಸಂಜೆ ಏಳಕ್ಕೆ ಗೊತ್ತಿಲ್ಲದ ಗಲ್ಲೀಲಿ ದಾರಿ ತಪ್ಪಿದ ಹೆಂಗಸಿಗೆ ಅದು ಅಷ್ಟು ಸಲೀಸಲ್ಲ. ಅಕ್ಕ, ನಡೀರಿ, ಆದ್ರೆ ಬೆಳಗ್ಗೆ ಹೊತ್ತು ನಡೀರಿ, ಫೋನ್ ಚಾರ್ಜ್ ಇರ್ಲಿ.

ಕಾಲ್ದಾರಿ:
ನಿಜ, ಆ ಕಡೆ ಯೋಚನೆ ಹೋಗ್ಲಿಲ್ಲ. ಬೆಳಗ್ಗೆ ಅಂತ ತಿದ್ದಿ ಓದ್ಕೊಳ್ಳಿ.

ಜೊತೆಗೆಬಂದೆ:
ಬಂದಿದ್ದೇ ಬಂದೆ, ನನ್ನದೂ ಹೇಳ್ತೀನಿ. ಯಜಮಾನ್ರಿಗೆ ಕೆಲಸ ಸಿಕ್ತು ಅಂತ ನಾನು ನನ್ನ ಕೆಲಸ ಬಿಟ್ಟು ಜೊತೆಗೆ ಬಂದೆ. ಅವರಿಗೆ ಮೊದಲ ದಿನದಿಂದಲೇ ಆಫೀಸು, ಗುರುತಿನ ಕಾರ್ಡು, ಬೆಳಗ್ಗೆ ಗುಡ್ ಮಾರ್ನಿಂಗ್ ಅನ್ನೋ ಹತ್ತು ಜನ. ನನಗೆ ನಾಲ್ಕು ಗೋಡೆ. ಸಂಜೆ ಅವರು ಬಂದು ಇವತ್ತು ಏನು ಮಾಡಿದೆ ಅಂತ ಪ್ರೀತಿಯಿಂದಾನೇ ಕೇಳಿದ್ರೂ ನನಗೆ ಎದೆ ಉರೀತಿತ್ತು, ಯಾಕಂದ್ರೆ ಹೇಳೋಕೆ ಏನೂ ಇರ್ತಿರ್ಲಿಲ್ಲ. ಜಗಳ ಆಡಿದೀವಿ, ತುಂಬಾ. ಆಮೇಲೆ ಒಂದು ದಿನ ಅವರಿಗೆ ಬಿಡಿಸಿ ಹೇಳಿದೆ, ನೀವು ಊರು ಬದಲಾಯಿಸಿದೀರಿ, ನಾನು ಊರು ಕೆಲಸ ಹೆಸರು ಮೂರೂ ಕಳ್ಕೊಂಡಿದೀನಿ ಅಂತ. ಹೆಸರು ಅಂದ್ರೆ, ಇಲ್ಲಿ ಎಲ್ಲರೂ ನನ್ನನ್ನ ಇಂಥವರ ಹೆಂಡತಿ ಅಂತಾನೇ ಕರೀತಿದ್ರು. ಕೊನೆಗೆ ಗ್ರಂಥಾಲಯದ ಕಾರ್ಡ್ ಮಾಡಿಸ್ದೆ. ಅಲ್ಲಿನ ಮೇಡಂ ಎರಡನೇ ವಾರ ನನ್ನ ಹೆಸರು ಹಿಡಿದು ಕರೆದ್ರು. ಈ ಊರಲ್ಲಿ ಯಜಮಾನ್ರ ಮೂಲಕ ಅಲ್ದೆ ನನಗೆ ಸಿಕ್ಕ ಮೊದಲ ಮನುಷ್ಯರು ಅವರು.

ಮಳೆಹುಳ:
ಇದನ್ನ ನನ್ನ ಹೆಂಡತಿಗೆ ಓದಿ ಹೇಳ್ತೀನಿ. ಅಲ್ಲ, ನಾನೇ ಸರಿಯಾಗಿ ಇನ್ನೊಂದು ಸಲ ಓದ್ತೀನಿ.

ನೀರುಗಂಟಿ:
ನಡುವೆ ಬಾಯಿ ಹಾಕ್ತೀನಿ, ಹೊಸ ಊರಿಗೆ ಬಂದ್ಮೇಲೆ ಯಾರಿಗಾದ್ರೂ ಕೂದಲು ಸೀಗೆ ಪೊದೆ ಥರ ಆಗಿದೆಯಾ? ಸೋಪು ನೊರೆನೇ ಬರಲ್ಲ. ನೀರು ಕಾಯಿಸಿ ಆರಿಸಿ ಬಳಸ್ತಿದೀನಿ, ಏನೂ ಪ್ರಯೋಜನ ಇಲ್ಲ.

ಲೆಕ್ಕಪಕ್ಕ:
ಗಡಸು ನೀರು. ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ ಇದ್ರೆ ಸೋಪು ನೊರೆ ಬರದೆ ಜಿಗುಟು ಆಗುತ್ತೆ. ಕುದಿಸಿದ್ರೆ ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ಮಾತ್ರ ಹೋಗೋದು, ಪಾತ್ರೆ ತಳದಲ್ಲಿ ಬೆಳ್ಳಗೆ ಕೂತ್ಕೊಳ್ಳುತ್ತಲ್ಲ ಅದೇ. ಸಲ್ಫೇಟ್ ಕ್ಲೋರೈಡ್‌ನಿಂದ ಬಂದಿದ್ದು ಎಷ್ಟು ಕುದಿಸಿದ್ರೂ ಹೋಗಲ್ಲ, ಸಾಫ್ಟನರ್ ಹಾಕಿಸ್ಬೇಕು. ಪಾತ್ರೆ ತಳದ ಬಿಳಿ ಪೊರೆ ನಿಂಬೆ ಉಪ್ಪಲ್ಲಿ, ಅಂದ್ರೆ ಸಿಟ್ರಿಕ್ ಆಸಿಡಲ್ಲಿ, ಬಿಡುತ್ತೆ.

ನೀರುಗಂಟಿ:
ಅಬ್ಬಾ, ಶಾಂಪೂ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ಧನ್ಯವಾದ ಸರ್.

ಖಾಲಿಗೋಡೆ:
ನನಗೂ ಕೂದಲು ಹಂಗೇ ಆಗಿದೆ, ಚಿಂತೆಯಿಂದ ಅಂದ್ಕೊಂಡಿದ್ದೆ! ಎಲ್ಲರದ್ದೂ ಓದಿದೆ. ಒಂದು ಹೇಳೋದು ಬಿಟ್ಟೆ, ದಿನಾ ರಾತ್ರಿ ಅಮ್ಮನ ಜೊತೆ ಹಳೇ ಗೆಳತಿಯರ ಜೊತೆ ಸೇರಿ ಎರಡು ಗಂಟೆ ಫೋನಲ್ಲಿರ್ತೀನಿ. ಅದು ಇಟ್ಟ ತಕ್ಷಣ ಮನೆ ಇನ್ನೂ ನಿಶ್ಶಬ್ದ ಆಗುತ್ತೆ.

ಬಯಲುಸೀಮಿ:
ಅಲ್ಲೇ ಐತಿ ನೋಡ್ರಿ ಗಂಟು. ಫೋನ್ ಕಡಿಮಿ ಮಾಡ್ರಿ ಅಕ್ಕಾರ. ಕಾಲು ಇಲ್ಲಿ, ಜೀವ ಅಲ್ಲಿ ಆದ್ರ ಎರಡೂ ಕಡೆ ಇರೂದಿಲ್ಲ. ನಾನೂ ಮೊದಲ ಆರು ತಿಂಗಳು ಹಂಗ ಮಾಡೀನಿ, ಊರಾಗ ಯಾರ ಮದುವಿ, ಯಾರ ಜಗಳ, ಎಲ್ಲಾ ಗೊತ್ತಿತ್ತು, ಎದುರುಮನಿಯವರ ಹೆಸರು ಮಾತ್ರ ಗೊತ್ತಿರಲಿಲ್ಲ. ದಿನಾ ಎರಡು ತಾಸು ಯಾಕ ಬೇಕ್ರಿ, ವಾರಕ್ಕ ಮೂರು ಸಲ ಮಾತಾಡ್ರಿ.

ಜೊತೆಗೆಬಂದೆ:
ನಾನು ಒಪ್ಪಲ್ಲ. ಅಮ್ಮನ ಫೋನೊಂದೇ ಆಸರೆ ಇರೋವಾಗ ಅದನ್ನೂ ಕಿತ್ಕೊಳ್ಳಿ ಅಂದ್ರೆ ಹೆಂಗೆ? ಹೊತ್ತು ಬದಲಾಯಿಸಿ ಸಾಕು. ರಾತ್ರಿ ಮಲಗೋ ಮುಂಚೆ ಬೇಡ, ಆಫೀಸಿಂದ ನಡ್ಕೊಂಡು ಬರುವಾಗ ಮಾತಾಡಿ.

ಬಯಲುಸೀಮಿ:
ಕಿತ್ಕೊರಿ ಅಂದಿಲ್ರಿ ನಾನು, ಕಡಿಮಿ ಅಂದೀನಿ. ಆದ್ರ ನೀವು ಹೇಳಿದ ಹೊತ್ತಿನ ಮಾತು ಖರೇ ಐತಿ.

ಹಸಿರುಕಡತ:
ಮನೆ ನೆನಪಾಗಿ ಕೊರಗೋದನ್ನ ಒಂದು ಕಾಲದಲ್ಲಿ ವೈದ್ಯರು ಕಾಯಿಲೆ ಅಂತಾನೇ ಬರ್ಕೊಂಡಿದ್ರು. ನಾಸ್ಟಾಲ್ಜಿಯಾ ಅನ್ನೋ ಪದ ಹುಟ್ಟಿದ್ದೇ ಹಂಗೆ, 1688ರಲ್ಲಿ ಸ್ವಿಟ್ಜರ್‌ಲೆಂಡಿನ ಯೋಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ, ಮನೆಗೆ ಮರಳೋದು ಮತ್ತು ನೋವು ಅನ್ನೋ ಎರಡು ಗ್ರೀಕ್ ಪದ ಸೇರಿಸಿ ಕಟ್ಟಿದ್ದು. ಈಗ ಅದನ್ನ ಕಾಯಿಲೆ ಅನ್ನಲ್ಲ. ಆದ್ರೆ ಒಂದು ಮಾತು ಗಂಭೀರವಾಗಿ ಹೇಳ್ತೀನಿ ಮೇಡಂ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನಾ ಮನಸ್ಸು ಕುಸಿದೇ ಇದ್ರೆ, ಊಟ ನಿದ್ದೆ ಕೆಟ್ರೆ, ಮೊದಲು ಇಷ್ಟ ಇದ್ದಿದ್ದು ಯಾವುದೂ ಬೇಡ ಅನ್ಸಿದ್ರೆ, ಅದನ್ನ ಹೊಸ ಊರಿನ ಲೆಕ್ಕಕ್ಕೆ ಹಾಕಿ ಸುಮ್ನಿರಬೇಡಿ, ಡಾಕ್ಟರ್ ಹತ್ರ ಹೋಗಿ. ನನ್ನ ತಮ್ಮ ಎಲ್ಲಾ ಸರಿ ಹೋಗುತ್ತೆ ಅಂತ ಎಂಟು ತಿಂಗಳು ತಡ ಮಾಡಿದ.

ಖಾಲಿಗೋಡೆ:
ಇಲ್ಲ ಸರ್, ಅಷ್ಟಕ್ಕೆ ಹೋಗಿಲ್ಲ, ಊಟ ನಿದ್ದೆ ಸರಿಯಾಗಿದೆ. ಆದ್ರೆ ಹೇಳಿದ್ದು ಒಳ್ಳೇದಾಯ್ತು, ಗಮನ ಇಟ್ಟಿರ್ತೀನಿ. ತಮ್ಮ ಈಗ ಹೆಂಗಿದಾರೆ?

ಹಸಿರುಕಡತ:
ಚೆನ್ನಾಗಿದಾನೆ.

ಲೆಕ್ಕಪಕ್ಕ:
ಎಷ್ಟು ದಿನ ಅಂತ ಕೇಳಿದ್ರಲ್ಲ, ದಿನದ ಲೆಕ್ಕಕ್ಕಿಂತ ಗಂಟೆ ಲೆಕ್ಕ ಹಾಕಿ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋವರ ಅಧ್ಯಯನ 2018ರಲ್ಲಿ ಬಂತು. ಅವರು ಮಾತಾಡಿಸಿದ್ದೇ ಊರು ಬದಲಾಯಿಸಿ ಆರು ತಿಂಗಳೊಳಗಿನ ಜನರನ್ನ, ಜೊತೆಗೆ ಕಾಲೇಜಿಗೆ ಹೊಸದಾಗಿ ಸೇರಿದವರನ್ನ. ಬರೀ ಪರಿಚಯ ಇದ್ದವರು ಒಂದು ಮಟ್ಟದ ಗೆಳೆಯರಾಗೋಕೆ ಹೆಚ್ಚುಕಡಿಮೆ 50 ಗಂಟೆ ಜೊತೆಗೆ ಕಳೀಬೇಕು, ನಿಜವಾದ ಗೆಳೆತನಕ್ಕೆ 90, ಆಪ್ತರಾಗೋಕೆ 200ಕ್ಕೂ ಮೇಲೆ. ಆಫೀಸಲ್ಲಿ ಅಕ್ಕಪಕ್ಕ ಕೂತ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ಅಂದ್ರೆ ವಾರಕ್ಕೆ 3 ಗಂಟೆ ಒಬ್ಬರ ಜೊತೆ ಕಳೆದ್ರೂ 50 ಆಗೋಕೆ 17 ವಾರ ಬೇಕು. ಮೇಡಂ, ನೀವು ತಪ್ಪೇನೂ ಮಾಡಿಲ್ಲ, ನಿಮ್ಮ ಗಂಟೆ ಇನ್ನೂ ಶುರುವಾಗಿಲ್ಲ ಅಷ್ಟೇ.

ಮಳೆಹುಳ:
ಗೆಳೆತನಕ್ಕೆ ಗಡಿಯಾರ ಕಟ್ಟೋದು ನನಗೆ ಒಪ್ಪಿಗೆ ಇಲ್ಲ. ಕೆಲವರ ಜೊತೆ ಒಂದೇ ಬಸ್ ಪ್ರಯಾಣದಲ್ಲಿ ಜನ್ಮದ ಪರಿಚಯ ಅನ್ಸುತ್ತೆ.

ಲೆಕ್ಕಪಕ್ಕ:
ಅನ್ಸುತ್ತೆ ಸರ್, ಆದ್ರೆ ಆ ಬಸ್ಸಿನವರು ಈಗ ಎಲ್ಲಿದಾರೆ? ಅದು ಸರಾಸರಿ ಲೆಕ್ಕ, ಎಲ್ಲರಿಗೂ ಕೊರೆದಿಟ್ಟ ನಿಯಮ ಅಲ್ಲ. ನಾನು ಹೇಳೋದಿಷ್ಟು, ಪ್ರತಿ ವಾರ ಅದೇ ಹೊತ್ತಿಗೆ ಅದೇ ಜನ ಸಿಗೋ ಜಾಗ ಒಂದು ಹಿಡ್ಕೊಳ್ಳಿ. ಆಟ, ಹಾಡು, ಓದು, ಏನಾದ್ರೂ ಸರಿ. ಪ್ರತಿ ಸಲ ಹೊಸ ಗುಂಪಿಗೆ ಹೋದ್ರೆ ಪ್ರತಿ ಸಲ ಸೊನ್ನೆಯಿಂದ ಶುರು.

ಮೆಟ್ಟಿಲಸಾಲು:
ಇದಕ್ಕೆ ಸೇರಿಸ್ತೀನಿ. ಎರಡನೇ ಮಹಾಯುದ್ಧ ಮುಗಿದ್ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಯಲ್ಲಿ ಯಾರಿಗೆ ಯಾರು ಗೆಳೆಯರಾದ್ರು ಅಂತ ಲಿಯಾನ್ ಫೆಸ್ಟಿಂಗರ್ ಮತ್ತೆ ಅವರ ಜೊತೆಯವರು ನೋಡಿದ್ರು, 1950ರಲ್ಲಿ ಅಚ್ಚಾಯ್ತು. ಪಕ್ಕದ ಬಾಗಿಲಿನವರೇ ಹೆಚ್ಚು ಗೆಳೆಯರು. ಮೆಟ್ಟಿಲ ಹತ್ರ, ಅಂಚೆ ಡಬ್ಬಿ ಹತ್ರ ಇದ್ದ ಮನೆಯವರಿಗೆ ಬೇರೆ ಮಹಡಿಯಲ್ಲೂ ಗೆಳೆಯರು ಜಾಸ್ತಿ, ದಿನಾ ಎದುರಾಗ್ತಾರಲ್ಲ ಅದಕ್ಕೆ. ಲಿಫ್ಟ್ ಇದ್ರೆ ಬಿಡಿ, ಮೆಟ್ಟಿಲಲ್ಲಿ ಓಡಾಡಿ. ನಾನು ಬಟ್ಟೆ ಒಣಗ್ಹಾಕೋದನ್ನ ಬಾಲ್ಕನಿಯಿಂದ ತಾರಸಿಗೆ ಬದಲಾಯಿಸ್ದೆ, ಎರಡು ತಿಂಗಳಲ್ಲಿ ಮಳೆ ಬಂದ್ರೆ ನನ್ನ ಬಟ್ಟೆ ತೆಗೆದಿಡೋವರು ಸಿಕ್ರು.

ಅಪ್ಪನಕೋಲು:
ನೀವೆಲ್ಲ ಕೆಲಸಕ್ಕೆ ಹೋಗೋವ್ರು. ನಾನು ನಮ್ಮಪ್ಪನ ಬಗ್ಗೆ ಬರೀತೀನಿ, 74 ವರ್ಷ. ಅಮ್ಮ ಹೋದ್ಮೇಲೆ ಒಬ್ಬರೇ ಬೇಡ ಅಂತ ಹಟ ಮಾಡಿ ನಮ್ಮ ಜೊತೆ ಕರ್ಕೊಂಡು ಬಂದ್ವಿ. ಅವರ ಊರಲ್ಲಿ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗೋಷ್ಟರಲ್ಲಿ ಇಪ್ಪತ್ತು ಜನ ಮಾತಾಡಿಸ್ತಿದ್ರು. ಇಲ್ಲಿ ಗೇಟ್ ತನಕ ಹೋಗೋದು, ಆ ಕಡೆ ಈ ಕಡೆ ನೋಡೋದು, ವಾಪಸ್ ಬಂದು ಕೂರೋದು. ಮೂರು ತಿಂಗಳಲ್ಲಿ ಮಾತೇ ಕಮ್ಮಿ ಆಗೋಯ್ತು. ನನಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಒಳ್ಳೇದು ಮಾಡೋಕೆ ಹೋಗಿ ಅಪ್ಪನ್ನ ಬೇರು ಸಮೇತ ಕಿತ್ತುಬಿಟ್ನಾ ಅಂತ.

ನಮ್ಮ ಕಟ್ಟಡದ ಗೇಟು ತೆಗೆದಾಗಲೆಲ್ಲ ಕಿರ್ರ್ ಅಂತ ಕಿರುಚ್ತಿತ್ತು, ನಮಗೆಲ್ಲ ಅಭ್ಯಾಸ ಆಗಿ ಕಿವಿಗೇ ಬೀಳ್ತಿರ್ಲಿಲ್ಲ. ಒಂದು ಬೆಳಗ್ಗೆ ಅಪ್ಪ ಮರಳು ಕಾಗದ, ಹಳೇ ಬನಿಯನ್ ತುಂಡು, ಹೊಲಿಗೆ ಮಷೀನ್ ಎಣ್ಣೆ ತಗೊಂಡು ಹೋಗಿ ಕೂತ್ರು. ಕೀಲಿನ ತುಕ್ಕು ಉಜ್ಜಿ, ಒರೆಸಿ, ಒಂದೊಂದೇ ಹನಿ ಎಣ್ಣೆ ಬಿಟ್ಟು, ಗೇಟನ್ನ ಹಿಂದೆ ಮುಂದೆ ಆಡಿಸಿ, ಮತ್ತೆ ಒರೆಸಿ, ಮತ್ತೆ ಎಣ್ಣೆ. ಒಂದೂವರೆ ಗಂಟೆ. ಹೋಗೋರು ಬರೋರು ನಿಂತು ನೋಡಿದ್ರು. ಮಾರನೇ ದಿನ ಕೆಳಗಿನ ಮನೆ ಹುಡುಗ ಬಂದು ತಾತ, ನಮ್ಮ ಬಾತ್‌ರೂಮ್ ಬಾಗಿಲು ಹಾಕೋಕಾಗ್ತಿಲ್ಲ ನೋಡ್ತೀರಾ ಅಂದ. ಈಗ ಅಪ್ಪನಿಗೆ ನನಗಿಂತ ಜಾಸ್ತಿ ಜನ ಗೊತ್ತು. ಊರು ನೆನಪಾಗಲ್ಲ ಅಂತಲ್ಲ, ಆಗುತ್ತೆ, ಕೆಲವು ಸಂಜೆ ತುಂಬಾನೇ ಆಗುತ್ತೆ. ಆದ್ರೆ ಬೆಳಗ್ಗೆ ಎದ್ರೆ ಹೋಗೋಕೆ ಒಂದು ಮನೆ ಇದೆ, ಮಾಡೋಕೆ ಒಂದು ಕೆಲಸ ಇದೆ. ಖಾಲಿಗೋಡೆ ಅವರೇ, ನಿಮ್ಮ ಕೈಲಿ ಏನು ವಿದ್ಯೆ ಇದೆ ನೋಡಿ. ಯಾರಾದ್ರೂ ಬಂದು ಮಾತಾಡಿಸ್ಲಿ ಅಂತ ಕಾಯೋ ಬದಲು ಯಾರಿಗೆ ಏನು ಬೇಕಾಗಿದೆ ಅಂತ ನೋಡೋದು ಸುಲಭ.

ಬಯಲುಸೀಮಿ:
ಅಜ್ಜಾರಿಗೆ ನನ್ನ ಶರಣು ತಿಳಸ್ರಿ. ಕಣ್ಣಾಗ ನೀರು ಬಂತು.

ಹಳೇಟ್ರಂಕು:
ಗೇಟಿನ ಕೀಲಿಗೆ ಹೊಲಿಗೆ ಮಷೀನ್ ಎಣ್ಣೆ ಬೇಗ ಆರಿಹೋಗುತ್ತೆ, ಗ್ರೀಸ್ ಹಾಕಿದ್ರೆ ಮಳೆಗೂ ತಡೆಯುತ್ತೆ ಅಂತ ಅಪ್ಪಾಜಿಗೆ ಹೇಳಿ.

ಅಪ್ಪನಕೋಲು:
ಹೇಳ್ದೆ. ಗ್ರೀಸಿಗೆ ಧೂಳು ಮೆತ್ಕೊಳ್ಳುತ್ತೆ, ತಿಂಗಳಿಗೊಂದು ಸಲ ಎಣ್ಣೆ ಬಿಡ್ತೀನಿ ಅಂದ್ರು.

ಕಾಲ್ದಾರಿ:
ಸ್ವಿಚ್ಚಿಗೆ ಯಾರೂ ಏನೂ ಹೇಳ್ಲಿಲ್ಲ. ಕತ್ತಲಲ್ಲಿ ಹೊಳೆಯೋ ಟೇಪ್ ಸಿಗುತ್ತೆ, ಒಂದು ತುಂಡು ಸ್ವಿಚ್ ಪಕ್ಕ ಅಂಟಿಸಿ. ಬೀರು ನಾಲ್ಕು ಇಂಚು ಸರಿಸೋಕಾಗುತ್ತಾ ನೋಡಿ.

ಖಾಲಿಗೋಡೆ:
ಐದು ವಾರ ಆದ್ಮೇಲೆ ಬರೀತಿದೀನಿ, ತಡ ಆಯ್ತು. ಪೆಟ್ಟಿಗೆ ಬಿಚ್ಚಿದೆ. ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಹಳೇ ಮನೆ ಪರದೆಗಳು, ಇಲ್ಲಿನ ಕಿಟಕಿಗೆ ಒಂದು ಗೇಣು ಗಿಡ್ಡ. ಕೆಳಗಿನ ಮನೆ ಆಂಟಿ ಹೊಲಿಗೆ ಹಾಕ್ತಾರೆ ಅಂತ ಮೆಟ್ಟಿಲಲ್ಲಿ ಓಡಾಡೋಕೆ ಶುರು ಮಾಡಿದ್ಮೇಲೇ ಗೊತ್ತಾಗಿದ್ದು, ಬಾಗಿಲು ತೆಗೆದಿದ್ರೆ ಮಷೀನ್ ಸದ್ದು ಕೇಳುತ್ತೆ. ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು ಉದ್ದ ಮಾಡ್ಕೊಟ್ರು. ಅವರ ಮಗಳಿಗೆ ಗಣಿತ ಕಷ್ಟ, ಶನಿವಾರ ಭಾನುವಾರ ಒಂದೂವರೆ ಗಂಟೆ ಹೇಳ್ಕೊಡ್ತಿದೀನಿ. ಲೆಕ್ಕಪಕ್ಕ ಸರ್, ಇವತ್ತಿಗೆ 12 ಗಂಟೆ ಆಯ್ತು. ಡುಪ್ಲಿಕೇಟ್ ಕೀ ಅವರ ಮನೇಲಿ ಇಟ್ಟಿದೀನಿ. ಅಮ್ಮನ ಜೊತೆ ಈಗ ನಡ್ಕೊಂಡು ಬರುವಾಗ ಮಾತು.

ಟೇಪ್ ಅಂಟಿಸಿದೀನಿ, ಆದ್ರೂ ಕೈ ಇನ್ನೂ ಬಲಗಡೆಗೇ ಹೋಗುತ್ತೆ. ಬೀರು ಸರಿಯಲ್ಲ, ತುಂಬಾ ಭಾರ.

ಮಳೆಹುಳ:
ನಮ್ಮನೇಲೂ ಗ್ರಂಥಾಲಯದ ಕಾರ್ಡ್ ಆಯ್ತು, ಇಬ್ಬರದ್ದೂ.

ಮೊದಲಬಸ್ಸು:
ಎಲ್ಲಾ ಓದಿದೆ. ನಾನು ಮುಂದಿನ ಗುರುವಾರ ಹೊಸ ಊರಿಗೆ ಹೊರಟಿದೀನಿ, ಮೊದಲನೇ ಸಲ ಮನೆ ಬಿಡ್ತಿರೋದು, ತುಂಬಾ ಹೆದರಿಕೆ ಆಗ್ತಿದೆ. ಹೋದ ದಿನ ಮೊದಲು ಏನು ಮಾಡ್ಬೇಕು?

ಖಾಲಿಗೋಡೆ:
ಹೆದರ್ಬೇಡಿ. ಹಾಸಿಗೆ, ಟವೆಲ್, ಚಾರ್ಜರ್, ಒಂದು ಬಲ್ಬು, ಮಾತ್ರೆ ಡಬ್ಬಿ, ಇಷ್ಟನ್ನೂ ಒಂದೇ ಚೀಲದಲ್ಲಿ ಹಾಕ್ಕೊಳ್ಳಿ, ಆ ಚೀಲ ಲಾರಿಗೆ ಕೊಡ್ಬೇಡಿ, ನಿಮ್ಮ ಕೈಲೇ ಇರ್ಲಿ. ಮೊದಲ ರಾತ್ರಿ ನಿದ್ದೆ ಬರದಿದ್ರೆ ಗಾಬರಿ ಆಗ್ಬೇಡಿ, ಯಾಕೆ ಅಂತ ಮೇಲೆ ಇದೆ. ಬೀರು ಎಲ್ಲಿ ನಿಲ್ಲಿಸ್ಬೇಕು ಅಂತ ಸಾಮಾನು ಇಳಿಸೋರು ಕೇಳಿದಾಗ ಮೊದಲು ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ. ಕಿಟಕಿ ಅಳತೆ ತಗೊಳ್ಳಿ. ಅಕ್ಕಪಕ್ಕದ ಮನೇಲಿ ಒಂದು ಸುತ್ತಿಗೆ ಕೇಳಿ, ನಿಮ್ಮ ಹತ್ರ ಇದ್ರೂ ಕೇಳಿ. ಯಾವ ಊರಿಗೆ ಹೋಗ್ತಿದೀರಿ, ಒಬ್ಬರೇನಾ?